ಎಡಗಣ್ಣಿಗೆ ಕಾಣುವ ಕೆಂಪು

ಫೆಬ್ರವರಿ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಆರೂ ಐವತ್ತು. ಸೂಜಿಗೆ ದಾರ ಪೋಣಿಸಲು ಬಲಗಣ್ಣು ಮುಚ್ಚಿಕೊಂಡೆ. ಕೈಯಲ್ಲಿದ್ದ ಕೆಂಪು ದಾರ ಕಾಫಿ ಬಣ್ಣಕ್ಕೆ ತಿರುಗಿತು.

ಕಣ್ಣು ಬಿಟ್ಟರೆ ದಾರ ಕೆಂಪಗೇ ಇತ್ತು. ಮತ್ತೆ ಮುಚ್ಚಿದೆ. ಮತ್ತೆ ಕಾಫಿ.

"ಅವ್ವಾ, ಈ ದಾರ ಯಾವ ಬಣ್ಣ ಐತಿ?"

ಅವ್ವ ರೊಟ್ಟಿ ಬಡಿಯುತ್ತಿದ್ದಳು. ತಿರುಗಿಯೂ ನೋಡಲಿಲ್ಲ. "ಕೆಂಪು. ನಿನ್ನಿ ನೀನ ತಂದೀಯಲ್ಲ."

"ಬೆಳಕಿಗೆ ಹಿಡಿದು ನೋಡಿ ಹೇಳು."

ನೋಡಿದಳು. "ಕುಂಕುಮದಂಗ ಐತಿ. ಯಾಕ, ಅಂಗಡಿಯಾಂವ ಹಳೇ ರೀಲ್ ಕೊಟ್ಟಾನೇನು?"

ನಾನು ದಾರ ಹಿಡಿದುಕೊಂಡೇ ತಾರಸಿಗೆ ಹೋದೆ. ಅಲ್ಲಿ ಬಣ್ಣದ ಬಕೆಟ್ಟುಗಳಲ್ಲಿ ನಮ್ಮ ಹೂದೋಟವಿದೆ. ನಮ್ಮದೆಂದರೆ ನನ್ನದು ಮತ್ತು ಮನೆ ಓನರ್ ನಂಜಮ್ಮನದು. ಅವತ್ತು ದಾಸವಾಳ ನಾಲ್ಕು ಅರಳಿದ್ದವು. ಒಂದರ ಮುಂದೆ ಕುಳಿತು ಎಡಗಣ್ಣು ಮುಚ್ಚಿದೆ. ಎಂದಿನ ದಾಸವಾಳ. ಬಲಗಣ್ಣು ಮುಚ್ಚಿದೆ. ಹೂ ಇತ್ತು, ಅಂಚು ಇತ್ತು, ನಡುವಿನ ಕಡ್ಡಿಯೂ ಇತ್ತು. ಕೆಂಪು ಮಾತ್ರ ಯಾರೋ ಒಗೆದು ಹಿಂಡಿದ ಹಾಗಿತ್ತು.

ಇದನ್ನು ಬರೆಯುತ್ತಿರುವುದು ಆ ಫೆಬ್ರವರಿಯಲ್ಲಿ ನಾನು ಹುಡುಕಿ ಸಿಗದೇ ಹೋದ ಬರಹ ಒಂದಾದರೂ ಇರಲಿ ಎಂದು. ಕಾಯಿಲೆ ಏನು, ಏಕೆ ಬರುತ್ತದೆ ಎಂಬುದನ್ನು ತಿಳಿದವರು ಬರೆದಿದ್ದಾರೆ. ಒಂದು ಕಣ್ಣಿನಲ್ಲಿ ಬಣ್ಣ ಮಾಸುತ್ತಿರುವಾಗ ಮನೆಯಲ್ಲಿ ಬೆಳಗು ಹೇಗಿರುತ್ತದೆ ಎಂದು ಕನ್ನಡದಲ್ಲಿ ಯಾರೂ ಬರೆದದ್ದು ನನಗೆ ಸಿಗಲಿಲ್ಲ.

ನಾವು ಕೊಪ್ಪಳದ ಕಡೆಯವರು. ಪಟ್ಟಂದೂರು ಅಗ್ರಹಾರದಲ್ಲಿ ನಂಜಮ್ಮನ ಕಟ್ಟಡದ ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯಲ್ಲಿದ್ದೇವೆ. ಅವ್ವ ಪಕ್ಕದ ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡುತ್ತಾಳೆ. ಅಪ್ಪ ಸರ್ಜಾಪುರದ ಸೈಟೊಂದರಲ್ಲಿ ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸದಲ್ಲಿದ್ದು, ಶನಿವಾರ ಸಂಜೆ ಬಂದು ಸೋಮವಾರ ನಸುಕಿಗೆ ಹೋಗುತ್ತಾನೆ. ನಾನು ಹೂಡಿಯ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ದಾಸ್ತಾನು ನೋಡಿಕೊಳ್ಳುತ್ತೇನೆ. ಒಳಗೆ ಬಂದದ್ದು, ಹೊರಗೆ ಹೋದದ್ದು, ಉಳಿದದ್ದು. ಆ ಚಾಳಿ ಮನೆಗೂ ಅಂಟಿದೆ. ಯಾವ ಬಕೆಟ್ಟಿನಲ್ಲಿ ಎಷ್ಟು ಮೊಗ್ಗು ಎಂದು ಡೈರಿಯಲ್ಲಿ ಬರೆದಿಡುವವಳು ನಾನು.

ಆ ಕೆಂಪು ದಾರ ತಂದದ್ದು ಕೌದಿಗೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಇಟ್ಟು, ಕೈಯಿಂದ ಸಾಲಾಗಿ ಹೊಲಿಗೆ ಓಡಿಸುವ ಹೊದಿಕೆ. ಅಕ್ಕ ರೇಣುಕಾಗೆ ಆಗ ಏಳು ತಿಂಗಳು. ಮೊದಲ ಹೆರಿಗೆಗೆ ನಮ್ಮಲ್ಲಿಗೆ ಬರುವವಳಿದ್ದಳು. ಮಗುವಿನ ಕೌದಿ ನನ್ನ ಪಾಲಿನ ಕೆಲಸ ಎಂದು ನಾನೇ ಹೇಳಿಕೊಂಡಿದ್ದೆ.

ಆ ಮಂಗಳವಾರಕ್ಕೆ ಎರಡು ದಿನ ಮೊದಲೇ ಎಡಗಣ್ಣು ಹೊರಳಿಸಿದರೆ ಒಳಗೆ ಎಳೆದಂತೆ ನೋಯುತ್ತಿತ್ತು. ಸ್ಟೋರ್ಸ್‌ನ ಧೂಳು ಅಂದುಕೊಂಡಿದ್ದೆ. ಕನ್ನಡಕದ ಅಂಗಡಿಯಲ್ಲಿ ಪರೀಕ್ಷಿಸಿದ ಹುಡುಗಿ, "ಪವರ್ ಏನೂ ಇಲ್ಲ ಮೇಡಂ, ಸ್ಕ್ರೀನ್ ಜಾಸ್ತಿ ನೋಡ್ತೀರ ಅನ್ಸುತ್ತೆ" ಎಂದು ಹನಿ ಹಾಕಿಕೊಳ್ಳಲು ಹೇಳಿದಳು. ಬಣ್ಣದ ವಿಷಯ ಹೇಳಿದೆ. ಅವಳು ನಕ್ಕಳು, ತಮಾಷೆ ಅಂದುಕೊಂಡಿರಬೇಕು.

ನಂಜಮ್ಮ ನಗಲಿಲ್ಲ. ಮರುದಿನ ಬೆಳಿಗ್ಗೆ ನಾನು ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ ದಾಸವಾಳ ನೋಡುವುದನ್ನು ನೀರಿನ ಪೈಪು ಹಿಡಿದು ನಿಂತು ನೋಡಿದಳು.

"ಏನಮ್ಮಿ ಅದು, ಊವಿಗೆ ಕಣ್ಣು ಒಡೀತಿದ್ದೀಯ?"

ಹೇಳಿದೆ. ಅವಳು ಪೈಪು ಕೆಳಗಿಟ್ಟು, ಬಕೆಟ್ಟಿನ ನಂದಿಬಟ್ಟಲ ಗಿಡದಿಂದ ಬಿಳಿ ಹೂ ಐದಾರು ಕಿತ್ತು, ನೀರಿನಲ್ಲಿ ಅದ್ದಿ ತಂದಳು. "ಇಂಗೆ ಮನಿಕ್ಕೋ. ಉಷ್ಣ ಏರಿರ್ತದೆ. ನಮ್ಮತ್ತೆ ಇಂಗೇ ಮಾಡೋಳು."

ತಾರಸಿಯ ನೆರಳಿನಲ್ಲಿ ಚಾಪೆ ಹಾಸಿ ಮಲಗಿಸಿ, ಮುಚ್ಚಿದ ರೆಪ್ಪೆಗಳ ಮೇಲೆ ಹೂ ಇಟ್ಟಳು. ತಣ್ಣಗಿತ್ತು. ಮೆಟ್ರೋ ಹೋದ ಸದ್ದು, ಕೆಳಗೆ ಟ್ಯಾಂಕರಿನವನ ಹಾರ್ನು. ಇದರಿಂದ ವಾಸಿಯಾಗುತ್ತದೆ ಎಂದು ನನಗೆ ಅನ್ನಿಸಲಿಲ್ಲ. ಆದರೂ ಐದು ದಿನ ಹಾಗೇ ಮಲಗಿದೆ. ಯಾರೋ ಕಣ್ಣಿನ ಮೇಲೆ ಹೂ ಇಡುವಾಗ ಬೇಡ ಅನ್ನಲು ಬಾಯಿ ಬರುವುದಿಲ್ಲ.

ಆರನೆಯ ದಿನ, ಸೋಮವಾರ, ಎಡಗಣ್ಣಿನಲ್ಲಿ ನಂಜಮ್ಮನ ಮುಖ ನೋಡಿದೆ. ಕಿವಿಯ ಓಲೆ ಕಂಡಿತು, ಕೂದಲು ಕಂಡಿತು, ಮೂಗು ಇರಬೇಕಾದಲ್ಲಿ ಹೊಗೆ ಇತ್ತು. ಅವಳಿಗೆ ಹೇಳಿದಾಗ ಕೈಯಲ್ಲಿದ್ದ ಹೂಗಳನ್ನು ಗಿಡದ ಬುಡಕ್ಕೆ ಹಾಕಿಬಿಟ್ಟಳು.

"ಸಾಕು. ಆಸ್ಪತ್ರೆಗೆ ಓಗು. ಈಗ್ಲೇ ಓಗು. ನಿಮ್ಮವ್ವಂಗೆ ನಾನೇಳ್ತೀನಿ."

ವೈಟ್‌ಫೀಲ್ಡ್ ಕಡೆಯ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗದ ಮುಂದೆ ಉದ್ದದ ಬೆಂಚುಗಳು. ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡು ಕುಳಿತವರಿಗೆ ಗೋಡೆಯ ಮೇಲಿನ ಟೋಕನ್ ಸಂಖ್ಯೆ ಕಾಣುವುದಿಲ್ಲ. ನನಗಿನ್ನೂ ಹಾಕಿರಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ ನಿಮಿಷಕ್ಕೊಮ್ಮೆ ಕೇಳುತ್ತಿದ್ದಳು. "ಎಷ್ಟಾಯ್ತಮ್ಮ?"

"ಮೂವತ್ತೊಂದು ಅಜ್ಜಿ. ನಿಮ್ಮದು ನಲವತ್ತು."

"ನಿಂಗೆ ಚೆನ್ನಾಗಿ ಕಾಣ್ತದೆ. ನೀನ್ಯಾಕೆ ಬಂದಿದ್ದೀಯ?"

ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಅಜ್ಜಿ ಸೆರಗಿನ ತುದಿಯಿಂದ ಒಂದು ಕಲ್ಲುಸಕ್ಕರೆ ಬಿಚ್ಚಿ ನನ್ನ ಅಂಗೈಗೆ ಇಟ್ಟಳು. ಅವಳ ಸಂಖ್ಯೆ ಬಂದಾಗ ನಾನೇ ಬಾಗಿಲವರೆಗೆ ಬಿಟ್ಟು ಬಂದೆ.

ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ದೀಪ ಬಿಟ್ಟು ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಔಷಧದ ಬಾಟಲಿಯ ಕೆಂಪು ಮುಚ್ಚಳ ಎತ್ತಿ ಹಿಡಿದರು.

"ಬಲಗಣ್ಣಲ್ಲಿ ನೋಡಿ. ಈಗ ಎಡಗಣ್ಣಲ್ಲಿ. ಎರಡೂ ಒಂದೇ ಕೆಂಪಾ?"

"ಇಲ್ಲ ಮೇಡಂ. ಬಲಗಣ್ಣಿಗೆ ಇವತ್ತಿನ ದಾಸವಾಳ. ಎಡಗಣ್ಣಿಗೆ ಮೊನ್ನೆ ಉದುರಿದ್ದು."

ಅವರು ಮುಚ್ಚಳ ಕೆಳಗಿಟ್ಟು ನನ್ನನ್ನೇ ನೋಡಿದರು. "ಇದನ್ನ ಯಾವಾಗ ನೋಡಿದ್ರಿ ಮೊದಲು?"

ದಿನಾಂಕ, ಹೊತ್ತು ಹೇಳಿದೆ. ಸೂಜಿ ಪೋಣಿಸುವಾಗ ಬಲಗಣ್ಣು ಮುಚ್ಚುವ ಅಭ್ಯಾಸ ಇಲ್ಲದಿದ್ದರೆ ನನಗೆ ಇನ್ನೂ ಕೆಲವು ದಿನ ಗೊತ್ತೇ ಆಗುತ್ತಿರಲಿಲ್ಲವಂತೆ. ಎರಡೂ ಕಣ್ಣು ತೆರೆದಿದ್ದರೆ ಒಳ್ಳೆಯ ಕಣ್ಣು ಇನ್ನೊಂದರ ತಪ್ಪನ್ನು ಮುಚ್ಚಿಬಿಡುತ್ತದೆ.

ಎಡಗಣ್ಣಿನ ಹಿಂದಿನ ನರಕ್ಕೆ ಊತ ಬಂದಿತ್ತು. ಮೂರು ದಿನ ಕೈಯ ರಕ್ತನಾಳಕ್ಕೆ ಸ್ಟೆರಾಯ್ಡ್ ಡ್ರಿಪ್ ಹಾಕಬೇಕು, ತಲೆಯ ಎಂಆರ್‌ಐ ಆಗಬೇಕು ಎಂದರು. "ನೋಟ ಸಾಮಾನ್ಯವಾಗಿ ವಾಪಸ್ ಬರುತ್ತೆ. ಬಣ್ಣ ನಿಧಾನ. ಸ್ಕ್ಯಾನ್ ನೋಡಿ ಮಿಕ್ಕಿದ್ದು ಮಾತಾಡೋಣ."

ಮಿಕ್ಕಿದ್ದು ಏನು ಎಂಬುದನ್ನು ಹೊರಗೆ ಬಂದು ಮೊಬೈಲಿನಲ್ಲಿ ಹುಡುಕಿದೆ. ನರಗಳನ್ನು ಮತ್ತೆ ಮತ್ತೆ ಬಾಧಿಸುವ ದೊಡ್ಡ ಕಾಯಿಲೆಯ ಮೊದಲ ಸೂಚನೆಯೂ ಇದಾಗಿರಬಹುದು ಎಂದಿತ್ತು. ಇನ್ನೊಂದು ಕಣ್ಣಿಗೂ ಬರಬಹುದು, ಕಾಲಿಗೂ ಬರಬಹುದು. ಓದುತ್ತಿದ್ದ ಹಾಗೆ ನನ್ನ ಕಾಲು ಜೋಮು ಹಿಡಿಯಿತು. ಬೆಂಚಿನ ಮೇಲೆ ಬಹಳ ಹೊತ್ತು ಮಡಚಿ ಕುಳಿತಿದ್ದೆ, ಅಷ್ಟೇ. ಅವತ್ತೇ ಹುಡುಕುವುದನ್ನು ನಿಲ್ಲಿಸಿದೆ.

ಅಪ್ಪ ಸೈಟಿನಿಂದ ರಜೆ ಹಾಕಿ ಬಂದ. ವಾರ್ಡಿನಲ್ಲಿ ಮಂಚದ ಪಕ್ಕ ಸ್ಟೂಲಿನ ಮೇಲೆ ಕುಳಿತ. ಡ್ರಿಪ್ ಅರ್ಧ ಆಗಿದ್ದಾಗ ನೋಡುತ್ತೇನೆ, ಎಡಗೈಯಿಂದ ಎಡಗಣ್ಣು ಮುಚ್ಚಿಕೊಂಡು ಕಿಟಕಿ, ಬಾಗಿಲು, ನನ್ನ ಮುಖ ಒಂದೊಂದಾಗಿ ನೋಡುತ್ತಿದ್ದ.

"ಅದೇನ ಮಾಡಾಕತ್ತೀಯಪಾ?"

"ನಿನಗ ಹೆಂಗ ಕಾಣತೈತಿ ಅಂತ ನೋಡಾಕತ್ತೀನಿ." ಕೈ ತೆಗೆದ. "ಏಣಿ ಹತ್ತಾಕ ಆಗೂದಿಲ್ಲ ಹಿಂಗಾದ್ರ. ಆದ್ರ ನೀ ಏನ್ ಏಣಿ ಹತ್ತಬೇಕಾಗಿಲ್ಲ ಬಿಡು."

ಅವನ ಮಟ್ಟಿಗೆ ಅದು ದೊಡ್ಡ ಸಮಾಧಾನದ ಮಾತು. ನನಗೂ ಆಯಿತು.

ಅವ್ವ ಕೌದಿಯ ಚೀಲ ತಂದುಕೊಟ್ಟಿದ್ದಳು. ಎರಡನೆಯ ದಿನ, ಬಲಗೈಗೆ ಡ್ರಿಪ್ ಇಲ್ಲದ್ದರಿಂದ, ಮಂಚದ ಮೇಲೆಯೇ ಹೊಲಿಯತೊಡಗಿದೆ. ನರ್ಸ್ ಬಂದು ನಿಂತರು.

"ಇಲ್ಲಿ ಸೂಜಿ ಚುಚ್ಚೋ ಕೆಲಸ ನಮ್ಮದು ಕಣ್ರೀ. ನೀವು ಶುರು ಮಾಡಿದ್ರೆ ನಮಗೇನು ಉಳಿಯುತ್ತೆ?"

ಹೇಳಿದರೇ ಹೊರತು ತೆಗೆದಿಡಿ ಎನ್ನಲಿಲ್ಲ. ಊಟದ ಹೊತ್ತಿಗೆ ಮತ್ತೆ ಬಂದು ತಮ್ಮ ಬ್ಯಾಗಿನಿಂದ ಹಳದಿ ಬಟ್ಟೆಯ ತುಂಡೊಂದನ್ನು ಕೊಟ್ಟರು. ಮಗಳ ಫ್ರಾಕ್ ಹೊಲಿಸಿದಾಗ ಉಳಿದದ್ದಂತೆ. ಅದು ಈಗ ಕೌದಿಯ ಎಡ ಮೇಲ್ಮೂಲೆಯಲ್ಲಿದೆ.

ಸ್ಟೆರಾಯ್ಡ್ ಬಗ್ಗೆ ಎರಡು ಮಾತು, ಮುಂದೆ ಹಾಕಿಸಿಕೊಳ್ಳುವವರಿಗೆ. ಬಾಯಿಯಲ್ಲಿ ತುಕ್ಕಿನ ರುಚಿ ಬರುತ್ತದೆ. ಬೆಲ್ಲದ ಚೂರು ಇಟ್ಟುಕೊಂಡರೆ ತಡೆದುಕೊಳ್ಳಬಹುದು. ನಿದ್ದೆ ಹಾರಿಹೋಗುತ್ತದೆ, ಮುಖ ಉಬ್ಬುತ್ತದೆ. ಹಸಿವು ಹುಚ್ಚಿನಂತೆ ಬರುತ್ತದೆ. ನಾನು ಒಂದೇ ಹೊತ್ತಿಗೆ ಐದು ರೊಟ್ಟಿ ತಿಂದದ್ದನ್ನು ಅವ್ವ ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ.

ಎಂಆರ್‌ಐ ಒಳಗೆ ಕಿವಿಗೆ ಹತ್ತಿ ಇಟ್ಟರೂ ಬಡಿಯುವ ಸದ್ದು ಬಿಡಲಿಲ್ಲ. ಅಪ್ಪ ಸೆಂಟ್ರಿಂಗ್ ಹಲಗೆ ಬಿಚ್ಚುವಾಗ ಹೀಗೇ ಬಡಿಯುತ್ತಾನೆ ಎಂದುಕೊಂಡು ಮಲಗಿದೆ. ಫಲಿತಾಂಶ ಬಂದ ದಿನ ಡಾಕ್ಟರು ಪರದೆ ನಮ್ಮ ಕಡೆ ತಿರುಗಿಸಿದರು. ನರದ ಊತ ಬೆಳ್ಳಗೆ ಕಾಣುತ್ತಿತ್ತು. ಜೊತೆಗೆ ಮೆದುಳಿನಲ್ಲಿ ಒಂದು ಸಣ್ಣ ಚುಕ್ಕೆ.

"ಇದು ಏನೂ ಅಲ್ಲದೆಯೂ ಇರಬಹುದು," ಎಂದರು. "ಆರು ತಿಂಗಳು ಬಿಟ್ಟು ಮತ್ತೆ ನೋಡೋಣ. ಹೊಸದು ಬಂದಿಲ್ಲ ಅಂದ್ರೆ ಒಳ್ಳೇದು. ಅಷ್ಟರಲ್ಲಿ ನೋಟ ಇದ್ದಕ್ಕಿದ್ದ ಹಾಗೆ ಕಡಿಮೆಯಾದ್ರೆ ಕಾಯಬೇಡಿ, ತಕ್ಷಣ ಬನ್ನಿ."

ಆ ಕೊನೆಯ ವಾಕ್ಯವನ್ನು ಅವ್ವ, ಅಪ್ಪ, ನಾನು ಮೂವರೂ ಮನೆಗೆ ಹೊತ್ತುಕೊಂಡು ಬಂದೆವು.

ಅಕ್ಕನಿಗೆ ಹೇಳಕೂಡದು ಎಂದು ಅವ್ವ ಆಸ್ಪತ್ರೆಯಲ್ಲೇ ಕಟ್ಟಪ್ಪಣೆ ಮಾಡಿದ್ದಳು. "ಬಸುರಿ ಅದಾಳ. ಅಂಜತಾಳ." ಹೀಗಾಗಿ ವಿಡಿಯೋ ಕರೆ ಬಂದಾಗಲೆಲ್ಲ ನಾನು ಮೊದಲು ಹೂ ತೋರಿಸುತ್ತಿದ್ದೆ, ಆಮೇಲೆ ಕೌದಿ, ಕೊನೆಗೆ ಕಷ್ಟಪಟ್ಟು ನನ್ನ ಮುಖ.

"ಮುಖ ಯಾಕ ಉಬ್ಬೇತಿ ವಿಜಿ?"

"ರೊಟ್ಟಿ ಜಾಸ್ತಿ ತಿಂದೀನಿ."

"ಬಸುರಿ ನಾನೋ ನೀನೋ?"

ಇಬ್ಬರೂ ನಕ್ಕೆವು. ಫೋನ್ ಇಟ್ಟ ಮೇಲೆ ಅವ್ವ ಅಡುಗೆಮನೆಯಲ್ಲಿ ಸುಮ್ಮನೆ ಪಾತ್ರೆ ಸರಿಸುತ್ತಿದ್ದಳು.

ಮನೆಗೆ ಬಂದ ಮೊದಲ ಬೆಳಗ್ಗೆಯಿಂದಲೇ ಒಂದು ಲೆಕ್ಕ ಶುರು ಮಾಡಿದೆ. ಕಂಡ ಕೆಂಪಿಗೆ ಹತ್ತಕ್ಕೆ ಎಷ್ಟು ಎಂದು ಅಂಕ ಹಾಕಿ ನೋಡಿದೆ, ಅದು ಅವತ್ತಿನ ಮನಸ್ಸು ಹೇಗಿತ್ತೋ ಹಾಗೆ ಏರಿಳಿಯುತ್ತಿತ್ತು. ಆದ್ದರಿಂದ ಬಟ್ಟೆಗೆ ಬದಲಾಯಿಸಿದೆ. ಎಡಗಣ್ಣಿನಿಂದ ದಾಸವಾಳ ನೋಡುವುದು. ಆಮೇಲೆ ಬಲಗಣ್ಣು ತೆರೆದು, ಕೌದಿಯ ಚೀಲದಲ್ಲಿ ಕೈಯಾಡಿಸಿ, ಈಗ ಕಂಡ ಬಣ್ಣದ್ದೇ ತುಂಡು ಹುಡುಕುವುದು. ಸಿಕ್ಕಿದ ತುಂಡಿಗೆ ದಿನಾಂಕದ ಚೀಟಿ ಚುಚ್ಚುವುದು. ಮೊದಲ ವಾರದ ತುಂಡುಗಳು ಅಪ್ಪನ ಸೈಟಿನ ಅಂಗಿಯವು, ಸಿಮೆಂಟು ಬೆರೆತ ಕಂದು. ಮಾರ್ಚ್ ಮೂರರಂದು ಇಟ್ಟಿಗೆ ಬಣ್ಣದ ರವಿಕೆ ತುಂಡು ಹೊಂದಿತು. ಎಂಟರಂದು ಮತ್ತೆ ಹಿಂದಕ್ಕೆ ಹೋಯಿತು. ಹನ್ನೆರಡರಂದು ಅವ್ವನ ಹಳೆಯ ಇಳಕಲ್ ಸೀರೆಯ ಸೆರಗು, ಬಹಳ ಸಲ ಒಗೆದು ಮೆತ್ತಗಾದ ಕೆಂಪು.

ಅವತ್ತು ಅವ್ವ ಆ ತುಂಡನ್ನು ಬೆರಳಿನಿಂದ ಸವರಿದಳು. "ಇಷ್ಟ ಬಂದ್ರೂ ಸಾಕವಾ. ಇದೂ ಕೆಂಪ ಐತಿ."

ಆ ತಿಂಗಳು ತಾರಸಿ ತುಂಬ ಹೂವಿತ್ತು. ಕನಕಾಂಬರ ಸಾಲಾಗಿ ಬಿಟ್ಟಿತ್ತು. ಮಲ್ಲಿಗೆ ಬಕೆಟ್ಟಿನಲ್ಲಿ ಮೊದಲ ಮೊಗ್ಗು ಬಂದಿತ್ತು. ಕಟ್ಟಡದ ಹಿಂದಿನ ಹೊಂಗೆ ಮರದ ಹೂ ಗಾಳಿಗೆ ಹಾರಿ ಬಂದು ನೆಲದ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಬೀಳುತ್ತಿತ್ತು. ರಜೆಯಲ್ಲಿದ್ದ ನಾನು ಬೆಳಿಗ್ಗೆ ಒಂಬತ್ತರವರೆಗೆ ಅಲ್ಲೇ ಕುಳಿತು ಹೊಲಿಯುತ್ತಿದ್ದೆ. ನಂಜಮ್ಮ ಎದುರು ಕುಳಿತು ಹೂ ಕಟ್ಟುತ್ತಿದ್ದಳು. ಡಾಕ್ಟರು ಕಣ್ಣಿನೊಳಗೆ ಏನೂ ಹಾಕಬೇಡಿ, ರೆಪ್ಪೆಯ ಮೇಲೆ ಹೂ ಇಟ್ಟುಕೊಂಡರೆ ಇಟ್ಟುಕೊಳ್ಳಿ ಎಂದಿದ್ದರು. ಅದನ್ನು ಹೇಳಿದಾಗ ನಂಜಮ್ಮ, "ನೋಡ್ದಾ, ಡಾಕ್ಟ್ರಮ್ಮನೂ ಒಪ್ಪವ್ರೆ" ಎಂದು ಮನೆಮನೆಗೆ ಹೇಳಿಬಂದಳು.

ಮಾರ್ಚ್ ಇಪ್ಪತ್ತರ ಹೊತ್ತಿಗೆ ಮುಖದ ನಡುವಿನ ಹೊಗೆ ಹೋಗಿತ್ತು. ಸೂಜಿಯ ಕಣ್ಣು ಎಡಗಣ್ಣಿಗೆ ಕಂಡಿತು. ಕೆಲಸಕ್ಕೆ ವಾಪಸಾದೆ.

ಯುಗಾದಿ ಆ ತಿಂಗಳ ಕೊನೆಯ ಭಾನುವಾರ ಬಂತು. ಹಬ್ಬದ ಎಣ್ಣೆ ನೀರು ನಂಜಮ್ಮನ ಕಟ್ಟಡದಲ್ಲಿ ಸಣ್ಣ ಸಂಗತಿಯಲ್ಲ. ಎಲ್ಲರ ಮನೆಯಲ್ಲಿ ಗೀಸರ್ ಇದ್ದರೂ, ಅವಳು ಹಿತ್ತಲಿನಲ್ಲಿ ಸೌದೆ ಒಲೆ ಹೂಡಿ, ತಾಮ್ರದ ಹಂಡೆಯಲ್ಲಿ ಬೇವಿನ ಎಲೆ ಹಾಕಿ ನೀರು ಕಾಯಿಸಿ, ಬಾಡಿಗೆಯವರಿಗೆಲ್ಲ ಬಕೆಟ್ಟು ಬಕೆಟ್ಟು ಕೊಡುತ್ತಾಳೆ. "ಕರೆಂಟ್ ನೀರಲ್ಲಿ ಅಬ್ಬ ಆಗಕಿಲ್ಲ" ಎಂಬುದು ಅವಳ ಮಾತು.

"ನಮ್ ವಿಜೀಗೆ ಮೊದಲು," ಎಂದು ಕುದಿಯುವ ನೀರಿನ ಬಕೆಟ್ಟನ್ನು ತಾನೇ ಮೂರು ಮಹಡಿ ಹೊತ್ತು ತಂದಳು. ಅವ್ವ ನೆತ್ತಿಗೆ ಹರಳೆಣ್ಣೆ ತಟ್ಟಿ ತಿಕ್ಕಿದಳು. ಆಸ್ಪತ್ರೆಯಲ್ಲಿ ಮೈ ಸವೆದಿದೆ ಎಂದು ಬೆನ್ನು, ತೋಳು, ಪಾದ ಎಲ್ಲಕ್ಕೂ ತಿಕ್ಕಿದಳು. ಆಮೇಲೆ ಮಣೆಯ ಮೇಲೆ ಕೂರಿಸಿ ಚೊಂಬಿನ ಮೇಲೆ ಚೊಂಬು ಸುರಿದಳು.

"ಸುಡತೈತಿ ಅವ್ವಾ."

"ಸುಡಲಿ. ಬ್ಯಾನಿ ಎಲ್ಲಾ ಹೋಗಲಿ."

ಅಪ್ಪ ಹೊರಗಿನಿಂದ, "ಕುದಿಸಬ್ಯಾಡ ಅಕಿನ್ನ" ಎಂದ. ಅವ್ವ ಇನ್ನೂ ಎರಡು ಚೊಂಬು ಹೆಚ್ಚೇ ಹಾಕಿದಳು. ಹದಿನೈದು ನಿಮಿಷದ ಮೇಲೆ ಕೆಂಪಗಾಗಿ, ಹಬೆಯಾಡುತ್ತ ಎದ್ದು ಬಂದೆ. ತಲೆಗೆ ಟವೆಲ್ ಸುತ್ತಿಕೊಂಡು ದೇವರಿಗೆ ಹೂ ಕೀಳಲು ತಾರಸಿಗೆ ಹೋದೆ. ದಿನದ ಲೆಕ್ಕವೂ ಆಗಿರಲಿಲ್ಲ. ದಾಸವಾಳದ ಮುಂದೆ ಕುಳಿತು ಬಲಗಣ್ಣು ಮುಚ್ಚಿದೆ.

ಹೂ ಇರಲಿಲ್ಲ. ಕೆಂಪಷ್ಟೇ ಅಲ್ಲ, ಹೂವೇ ಇರಲಿಲ್ಲ. ಗಿಡದ ಜಾಗದಲ್ಲಿ ಬೂದಿ ಬಣ್ಣದ ಮಂಜು. ಕೈ ಚಾಚಿದರೆ ದಳ ಬೆರಳಿಗೆ ತಾಗುತ್ತಿತ್ತು.

ಎಷ್ಟು ಹೊತ್ತು ಹಾಗೆ ಕುಳಿತಿದ್ದೆನೋ ಆ ದಿನದ ಪುಟದಲ್ಲಿ ಬರೆದಿಲ್ಲ. ಕೆಳಗಿಳಿದು ಬಂದು ಅವ್ವನಿಗೆ ಹೇಳಿದೆ. "ಹೋತು. ಮತ್ತ ಬಂತು."

ಅವ್ವ ಹೋಳಿಗೆಯ ಹೂರಣ ತಿರುವುತ್ತಿದ್ದಳು. ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ನೀರು," ಎಂದಳು. "ನಾ ಹಾಕಿದ ನೀರು. ನೀ ಸುಡತೈತಿ ಅಂದೀ."

"ನೀರಿಗೂ ಕಣ್ಣಿಗೂ ಏನ್ ಸಂಬಂಧ ಅವ್ವಾ."

"ನಾನ ಕೆಡಿಸಿದೆ."

ಅಪ್ಪ ಅಂಗಿ ಹಾಕಿಕೊಂಡು ಆಟೋ ತರಲು ಹೋದ. ಮೆಟ್ಟಿಲ ಮೇಲೆ ನಂಜಮ್ಮ ಎದುರಾದಳು. ಅವ್ವ ನೀರಿನ ಮಾತು ಹೇಳಿಬಿಟ್ಟಳು. ನಂಜಮ್ಮನ ಮುಖದ ಬಣ್ಣ ಹೋಯಿತು. "ನಾನೇ ಒತ್ಕೊಂಡು ಬಂದ್ನಲ್ಲಮ್ಮಿ," ಎಂದಳು, ಅಷ್ಟೇ. ನಾವು ಹೊರಟಾಗ ಹಿಂದಿರುಗಿ ನೋಡಿದೆ. ಅವಳು ಒಲೆಯ ಸೌದೆ ಎಳೆದು ನೀರು ಚಿಮುಕಿಸುತ್ತಿದ್ದಳು. ಎರಡು ಮನೆಯವರಿಗೆ ಇನ್ನೂ ನೀರು ಹೋಗಿರಲಿಲ್ಲ.

ಆಟೋದಲ್ಲಿ ನಾನು ನಡುವೆ ಕುಳಿತಿದ್ದೆ. ಇಷ್ಟು ದಿನ ಒಂದು ಕಣ್ಣಿನ ಚಿಂತೆಯಿತ್ತು. ಆ ದಾರಿಯಲ್ಲಿ ಮಾತ್ರ ಚುಕ್ಕೆ, ಕಾಲು, ಇನ್ನೊಂದು ಕಣ್ಣು, ಅಕ್ಕನ ಮಗುವನ್ನು ಎತ್ತಿಕೊಳ್ಳಲಾರದ ಕೈ, ಎಲ್ಲ ಒಟ್ಟಿಗೆ ಬಂದವು. ಅವ್ವ ಟವೆಲ್ಲಿನಿಂದ ಹೊರಬಂದ ನನ್ನ ಒದ್ದೆ ಕೂದಲನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು.

ಹಬ್ಬದ ದಿನವಾದ್ದರಿಂದ ನಮ್ಮ ಡಾಕ್ಟರು ಇರಲಿಲ್ಲ. ಎಮರ್ಜೆನ್ಸಿಯಲ್ಲಿ ಒಬ್ಬ ತರುಣ ವೈದ್ಯರಿದ್ದರು. ಎಸಿ ಜೋರಾಗಿತ್ತು. ಅಪ್ಪ ಹಳೆಯ ಕಾಗದಗಳ ಕವರು ಕೊಟ್ಟ. ಅವರು ಓದುತ್ತಿರುವಾಗ ನಾನು ಅಭ್ಯಾಸಬಲದಿಂದ ಬಲಗಣ್ಣು ಮುಚ್ಚಿ ಎದುರಿನ ಗೋಡೆ ನೋಡಿದೆ. ಬೆಂಕಿ ಆರಿಸುವ ಸಿಲಿಂಡರ್ ತೂಗುಹಾಕಿದ್ದರು. ಅದರ ಆಕಾರ ಕಂಡಿತು. ಸ್ವಲ್ಪ ಹೊತ್ತಿಗೆ ಅದರ ಮೇಲಿನ ಅಕ್ಷರ ಕಂಡವು. ಆಮೇಲೆ ಬಣ್ಣ, ಇಟ್ಟಿಗೆಯಷ್ಟು.

"ಬರಾಕತ್ತೇತಿ," ಎಂದೆ.

ವೈದ್ಯರು ಕಾಗದದಿಂದ ತಲೆಯೆತ್ತಿದರು. ನನ್ನ ಟವೆಲ್ ನೋಡಿದರು, ಎಣ್ಣೆಯ ಹಣೆ ನೋಡಿದರು. "ಇವತ್ತು ಅಭ್ಯಂಜನ ಆಯ್ತಾ?"

"ಆಯ್ತು ಸಾರ್."

"ಚೆನ್ನಾಗಿ ಬಿಸಿ ಬಿಸಿ ನೀರು?"

ಅವ್ವ ಕೈಮುಗಿದಳು. "ನಾನ ಹಾಕೀನ್ರಿ. ಭಾಳ ಹಾಕೀನಿ. ಕಣ್ಣು ಹೋತೇನ್ರಿ?"

"ಇಲ್ಲಮ್ಮ, ಕೂತ್ಕೊಳ್ಳಿ. ಏನೂ ಹೋಗಿಲ್ಲ." ಅವರು ತಾವೂ ಸ್ಟೂಲು ಎಳೆದು ಅವ್ವನ ಎದುರು ಕುಳಿತರು. "ಆ ನರ ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ. ಮೈ ಬಿಸಿಯಾದ್ರೆ ಸ್ವಲ್ಪ ಹೊತ್ತು ಕೆಲಸ ನಿಲ್ಲಿಸುತ್ತೆ. ತಣ್ಣಗಾದ್ರೆ ಮತ್ತೆ ಶುರು ಮಾಡುತ್ತೆ. ಹೊಸದಾಗಿ ಏನೂ ಕೆಡಲ್ಲ. ಜ್ವರ ಬಂದ್ರೆ, ಬಿಸಿಲಲ್ಲಿ ತಿರುಗಿದ್ರೆ ಹೀಗಾಗಬಹುದು. ಇಲ್ಲೇ ಅರ್ಧ ಗಂಟೆ ಕೂತಿರಿ, ನೋಡೋಣ."

ಕುಳಿತೆವು. ಹತ್ತಿರದ ಮಂಚದ ಮೇಲೆ ಒಬ್ಬ ಹುಡುಗ ಪಟಾಕಿ ಇಲ್ಲದ ಹಬ್ಬದಲ್ಲೂ ಕೈ ಸುಟ್ಟುಕೊಂಡು ಬಂದಿದ್ದ. ಹೋಳಿಗೆ ತವಾ ಮುಟ್ಟಿದ್ದನಂತೆ. ನಾನು ಸಿಲಿಂಡರ್ ನೋಡುತ್ತಲೇ ಇದ್ದೆ. ಇಟ್ಟಿಗೆ ಹೋಗಿ ಇಳಕಲ್ ಸೆರಗಿನ ಕೆಂಪು ಬಂದ ಮೇಲೆ ಅವ್ವನಿಗೆ ಹೇಳಿದೆ. ಅವಳು ನಂಬಲಿಲ್ಲ. ಬೆರಳು ಎಷ್ಟು, ಅಲ್ಲಿ ಬರೆದದ್ದೇನು, ತನ್ನ ಮೂಗುತಿಯ ಹರಳು ಯಾವ ಬಣ್ಣ ಎಂದು ಒಂದೊಂದೇ ಕೇಳಿದಳು. ಎಲ್ಲ ಸರಿಯಾದ ಮೇಲೆ ಮುಖ ಆ ಕಡೆ ತಿರುಗಿಸಿ ಅತ್ತಳು.

ಅಪ್ಪ ಅವಳ ಭುಜ ತಟ್ಟಿದ. "ನಾ ಹೇಳಿದ್ದೆ, ಕುದಿಸಬ್ಯಾಡ ಅಂತ."

"ನೀ ಸುಮ್ಮನಿರು," ಎಂದಳು ಅವ್ವ, ಅಳುವಿನೊಳಗೇ.

ಬೇವು ಬೆಲ್ಲ ತಿಂದಾಗ ಮಧ್ಯಾಹ್ನ ಮೂರು ದಾಟಿತ್ತು. ನಂಜಮ್ಮ ಊಟ ಮಾಡದೆ ಕಾದಿದ್ದಳು. ಡಾಕ್ಟರು ಹೇಳಿದ್ದನ್ನೆಲ್ಲ ಎರಡು ಸಲ ಹೇಳಿಸಿಕೊಂಡು, "ಅಂಗಾದ್ರೆ ಈ ನರ ಬಲೇ ನಾಜೂಕು ಕಣಮ್ಮಿ, ನಮ್ಮ ಮೊದಲ್ನೇ ಸೊಸೆ ತರ" ಎಂದಳು. ಆ ದಿನ ಮೊದಲ ಸಲ ನಾವೆಲ್ಲ ನಕ್ಕದ್ದು ಆಗಲೇ.

ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿದ್ದದ್ದು ಆಮೇಲೆ ತಿಳಿಯಿತು. ದಿನಾಂಕ ಬರೆದಿದ್ದೆ, ಬಟ್ಟೆ ಚುಚ್ಚಿದ್ದೆ. ಸ್ನಾನಕ್ಕೆ ಮೊದಲೋ ಆಮೇಲೋ ಎಂದು ಬರೆದಿರಲಿಲ್ಲ. ಮಾರ್ಚ್ ಎಂಟರಂದು ಹಿಂದಕ್ಕೆ ಹೋದದ್ದಕ್ಕೂ ಅದೇ ಕಾರಣವಿರಬೇಕು. ಅವತ್ತು ಎರಡನೇ ಶನಿವಾರ, ತಲೆಸ್ನಾನ.

ಅಕ್ಕ ಏಪ್ರಿಲ್ ಮೊದಲ ವಾರ ಬಂದಳು. ದಿನಾಂಕದ ತುಂಡುಗಳನ್ನು ನಾನು ಒಂದರ ಪಕ್ಕ ಒಂದು ಇಟ್ಟು ಕೌದಿಯ ಒಂದು ಸಾಲಾಗಿ ಹೊಲಿದಿದ್ದೆ, ಸಿಮೆಂಟಿನ ಕಂದಿನಿಂದ ಇಳಕಲ್ಲಿನವರೆಗೆ. ಅವಳ ಕಣ್ಣು ನೇರ ಅಲ್ಲಿಗೇ ಹೋಯಿತು.

"ಉಳಿದದ್ದೆಲ್ಲಾ ಇಷ್ಟ ಚಂದ ಐತಿ. ಈ ಒಂದು ಸಾಲಿಗೆ ಅಪ್ಪನ ಸಿಮೆಂಟ್ ಅಂಗಿ ಯಾಕ ಹಾಕೀದಿ?"

ಹೇಳಿದೆ. ಅವಳು ಬೈದಳು, ಮುಚ್ಚಿಟ್ಟದ್ದಕ್ಕೆ. ಅವ್ವನಿಗೂ ಬೈದಳು. ಆಮೇಲೆ ಬಲಗಣ್ಣು ಮುಚ್ಚಿ ಆ ಸಾಲನ್ನು ನೋಡಿ, ಎಡಗಣ್ಣು ಮುಚ್ಚಿ ನೋಡಿ, "ನನಗೇನೂ ಗೊತ್ತಾಗವಲ್ದು" ಎಂದಳು. ಕೊನೆಯ ಮೂಲೆ ಮುಚ್ಚುವ ಮೊದಲು ನಮ್ಮ ಮನೆಯಲ್ಲಿ ಕೌದಿಗೆ ಉಡಿ ತುಂಬುತ್ತೇವೆ, ಒಂದು ಚಿಟಿಕೆ ಅಕ್ಕಿ ಒಳಗಿಟ್ಟು ಹೊಲಿಯುವುದು. ಆ ಅಕ್ಕಿಯನ್ನು ಅಕ್ಕನೇ ಇಟ್ಟಳು. ಏಪ್ರಿಲ್ ಇಪ್ಪತ್ತಾರಕ್ಕೆ ಹೆಣ್ಣು ಮಗು ಹುಟ್ಟಿತು. ಎರಡೂ ಕೈಯಿಂದ ಎತ್ತಿಕೊಂಡೆ.

ಆಗಸ್ಟಿನ ಸ್ಕ್ಯಾನಿನಲ್ಲಿ ಹೊಸ ಚುಕ್ಕೆ ಇರಲಿಲ್ಲ. ಹಳೆಯದು ಇದ್ದಲ್ಲೇ, ಇದ್ದಷ್ಟೇ ಇತ್ತು. ವರ್ಷಕ್ಕೊಮ್ಮೆ ನೋಡೋಣ ಎಂದಿದ್ದಾರೆ. ಮತ್ತೆ ಬರುವುದೇ ಇಲ್ಲ ಎಂದು ಅವರು ಹೇಳಿಲ್ಲ, ನಾನೂ ಕೇಳಿಲ್ಲ. ಕೆಂಪು ಇಳಕಲ್ ಸೆರಗಿನಿಂದ ಸ್ವಲ್ಪ ಮುಂದೆ ಬಂದು ನಿಂತಿದೆ. ದಿನವೂ ನೋಡುವುದನ್ನು ಬಿಟ್ಟಿದ್ದೇನೆ. ತಿಂಗಳ ಮೊದಲ ಭಾನುವಾರ ಮಾತ್ರ, ಸ್ನಾನಕ್ಕೆ ಮೊದಲು.

ಈಗ ಡಿಸೆಂಬರ್. ಬೆಳಿಗ್ಗೆ ನೀರು ಮುಟ್ಟಿದರೆ ಕೈ ಸೆಟೆಯುತ್ತದೆ. ಅವ್ವ ನನ್ನ ಬಕೆಟ್ಟನ್ನು ತಾನೇ ಬೆರೆಸುತ್ತಾಳೆ, ಮೊಣಕೈ ಅದ್ದಿ ನೋಡಿ, ಇನ್ನೊಂದು ಚೊಂಬು ತಣ್ಣೀರು ಸುರಿಯುತ್ತಾಳೆ. ಕೂಸಿಗೆ ಹಾಕುವುದಕ್ಕಿಂತ ತಣ್ಣಗಿರುತ್ತದೆ. ದೀಪಾವಳಿಗೂ ಹಾಗೇ ಆಯಿತು. ಬಿಸಿನೀರು ಹಾಕಿಕೊಂಡರೆ ಕೆಡುವುದಿಲ್ಲ, ಸ್ವಲ್ಪ ಹೊತ್ತು ಮಂಕಾಗಿ ತಾನೇ ಸರಿಹೋಗುತ್ತದೆ ಎಂದು ಇಬ್ಬರು ಡಾಕ್ಟರು ಹೇಳಿದ್ದಾರೆ. ಅವ್ವ ತಲೆಯಾಡಿಸುತ್ತಾಳೆ. "ಅವರು ಓದ್ಯಾರ. ಅವರಿಗೇನ್ ಬಂದಿಲ್ಲಲ್ಲ."

ನಿಮ್ಮಲ್ಲಿ ಯಾರಿಗಾದರೂ ಇದು ಬಂದು ನಾಲ್ಕಾರು ವರ್ಷವಾಗಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ದಯವಿಟ್ಟು ಬರೆಯಿರಿ. ಕೆಂಪು ಎಲ್ಲಿಯವರೆಗೆ ವಾಪಸು ಬಂತು ಎಂದು ಬರೆಯಿರಿ. ಮತ್ತೆ ಬಂದಿದ್ದರೆ ಅದನ್ನೂ ಬರೆಯಿರಿ, ಓದಬಲ್ಲೆ. ಆದರೆ ಮೊದಲು ಇದನ್ನು ಹೇಳಿ: ಹಬ್ಬದ ದಿನ ನಿಮ್ಮ ತಾಯಿಯೋ ಮನೆಯವರೋ ನಿಮ್ಮ ತಲೆಗೆ ಮತ್ತೆ ಬಿಸಿಬಿಸಿ ನೀರು ಹಾಕಿದ್ದು ಯಾವಾಗ, ಆಮೇಲೆ ಕಣ್ಣು ಎಷ್ಟು ಹೊತ್ತಿಗೆ ತಿಳಿಯಾಯಿತು. ಯುಗಾದಿಯೊಳಗೆ ಬರೆದರೆ ಒಳ್ಳೆಯದು. ಅವ್ವನಿಗೆ ಓದಿ ಹೇಳಬೇಕು.